ಸೋದರಮಾವನ ಮಡಿಲು

ಜವಳದ ದಿನ ಕತ್ತರಿ ಮರೆತರೆ ಪಕ್ಕದ ಮನೆಯಿಂದ ತರಬಹುದು. ಹೊಸ ಅಂಗಿ ಬಿಗಿಯಾದರೆ ಹಿಂದಿನ ಹೊಲಿಗೆ ಬಿಚ್ಚಿ ಹೇಗೋ ತೊಡಿಸಬಹುದು. ಸೋದರಮಾವ ಇಲ್ಲದಿದ್ದರೆ ಮಾತ್ರ ಕೆಲಸ ಕೆಟ್ಟಿತು. ಕೂಸಿನ ಮೊದಲ ಕೂದಲು ತೆಗೆಯುವಾಗ ಅದು ತಾಯಿಯ ಅಣ್ಣನದೋ ತಮ್ಮನದೋ ತೊಡೆಯ ಮೇಲೆ ಕೂತಿರಬೇಕು. ಹುಬ್ಬಳ್ಳಿಯ ಮಂದಿ ಚಂದ್ರನ ಮೇಲೆ ಮನೆ ಕಟ್ಟಿಕೊಂಡು ಹೋದರೂ ಈ ಒಂದು ಪದ್ಧತಿ ಬಿಡುವವರಲ್ಲ.

ಶಿವಲೀಲಾಳಿಗೆ ಇದ್ದವನು ಒಬ್ಬನೇ ಅಣ್ಣ, ಗುರುಪಾದ. ಗೋಕುಲ ರಸ್ತೆಯ ಅಂಗಡಿಯೊಂದರಲ್ಲಿ ಸುಟ್ಟುಹೋದ ಮೋಟರುಗಳಿಗೆ ಹೊಸದಾಗಿ ತಾಮ್ರದ ತಂತಿ ಸುತ್ತುವ ಕೆಲಸ ಅವನದು. ಅವನಿಗೆ ಆಟಿಸಂ ಇದೆ ಎಂದು ಡಾಕ್ಟರು ಹೇಳಿದ್ದು ಅವನು ಶಾಲೆಗೆ ಹೋಗುವಾಗ. ಅಷ್ಟರೊಳಗೆ ಓಣಿಯ ಮಂದಿ ತಮಗೆ ತಿಳಿದ ಹೆಸರುಗಳನ್ನೆಲ್ಲ ಇಟ್ಟು ಮುಗಿಸಿದ್ದರು. ಕುಕ್ಕರಿನ ಸೀಟಿ, ಟ್ಯೂಬ್‌ಲೈಟಿನ ಮಿಣುಕು, ಯಾರೋ ಬೆನ್ನ ಮೇಲೆ ಕೈಯಿಡುವುದು, ಬೇರೆಯವರ ಲೆಕ್ಕಕ್ಕೇ ಬಾರದ ಇಂಥವೆಲ್ಲ ಅವನೊಳಗೆ ಸೀದಾ ನುಗ್ಗುತ್ತಿದ್ದವು. ತಂಗಿಯ ಮದುವೆಯಲ್ಲಿ ಅಕ್ಷತೆ ಬೀಳುವ ಹೊತ್ತಿಗೆ ಬ್ಯಾಂಡಿನವರು ಒಮ್ಮೆಲೇ ಬಾರಿಸಿದಾಗ ಎದ್ದು ಓಡಿದ್ದ. ನೆಂಟರು ಊಟ ಬಿಟ್ಟು ಹುಡುಕಬೇಕಾಯಿತು. ರೈಲ್ವೆ ಗೇಟಿನ ಹತ್ತಿರ ಕಿವಿ ಮುಚ್ಚಿಕೊಂಡು ಕೂತಿದ್ದ. ಆ ಸಂಗತಿಯನ್ನು ಗಂಡನ ಮನೆಯವರು ಯಾರೂ ಬಹಳ ದಿನ ಎತ್ತಿ ಆಡಲಿಲ್ಲ. ತಾವು ಆಡುತ್ತಿಲ್ಲ ಎಂಬುದು ಎಲ್ಲರಿಗೂ ಗೊತ್ತಾಗುವಂತೆ ಮಾತ್ರ ನೋಡಿಕೊಂಡರು.

ಈಗ ಶಿವಲೀಲಾಳ ಮಗಳು ಮುಕ್ತಾಳ ಜವಳ. ಅದೂ ತನ್ಮಯ ಮಂಟಪದಲ್ಲಿ.

ಆ ಹೊತ್ತಿಗೆ ಬರೀ ಶಾಮಿಯಾನ ಹಾಕಿ ಕಾರ್ಯ ಮಾಡುವವರನ್ನು ಜಿಪುಣರ ಸಾಲಿಗೆ ಸೇರಿಸುವಷ್ಟು ಕಾಲ ಬದಲಾಗಿತ್ತು. ತನ್ಮಯ ಮಂಟಪಕ್ಕೆ ಬಂದವರೆಲ್ಲ ಬಾಗಿಲಲ್ಲೇ ಕೊರಳಿಗೆ ಒಂದು ಪಟ್ಟಿ ಕಟ್ಟಿಕೊಳ್ಳಬೇಕು. ಪಟ್ಟಿ ಚರ್ಮದ ಮೇಲಿಂದಲೇ ಕತ್ತಿನ ನರಗಳ ಜೊತೆ ಮಾತಾಡುತ್ತದೆ. ಕಟ್ಟಿಕೊಂಡ ಕೂಡಲೇ ಬೋಳು ಗೋಡೆಯ ಮೇಲೆ ದೀಪಗಳು ಕಾಣುತ್ತವೆ, ಇಲ್ಲದ ಮಲ್ಲಿಗೆಯ ವಾಸನೆ ಬರುತ್ತದೆ, ತೀರಿಕೊಂಡ ಅಜ್ಜ ತಲೆಗೆ ಪಟಗ ಸುತ್ತಿಕೊಂಡು ಮುಂದಿನ ಸಾಲಿನಲ್ಲಿ ಕೂತಿರುತ್ತಾನೆ. ಇದೆಲ್ಲಕ್ಕಿಂತ ದೊಡ್ಡ ಸಂಗತಿ ಎಂದರೆ ಒಬ್ಬರ ಮನಸ್ಸು ಇನ್ನೊಬ್ಬರಿಗೆ ಹರಿಯುತ್ತದೆ. ಮದುಮಗಳ ತಾಯಿ ಕಣ್ಣೊರೆಸಿಕೊಂಡರೆ ಹಿಂದಿನ ಸಾಲಿನಲ್ಲಿ ಎಲೆಯಡಿಕೆ ಹಾಕುತ್ತಿದ್ದ ಬೀಗರ ಗಂಟಲೂ ಕಟ್ಟುತ್ತದೆ. ಜವಳಕ್ಕಂತೂ ಮಡಿಲು ಹಂಚುವುದು ಎಂಬ ಹೊಸ ಪದ್ಧತಿಯೇ ಹುಟ್ಟಿಕೊಂಡಿತ್ತು. ಸೋದರಮಾವನ ತೊಡೆಯ ಮೇಲೆ ಕೂಸು ಕೂತರೆ ಅದರ ಭಾರ, ಅದರ ಬಿಸುಪು ಅವನ ಪಟ್ಟಿಯ ಮೂಲಕ ಹೊರಟು ಮಂಟಪದಲ್ಲಿದ್ದ ಎಲ್ಲರ ತೊಡೆಗೂ ತಲುಪುತ್ತದೆ. ಎಷ್ಟೋ ಮುದುಕರು ಊಟಕ್ಕಲ್ಲ, ಈ ಒಂದು ಗಳಿಗೆಗಾಗಿ ಬರುತ್ತಿದ್ದರು.

ಹಾಗಾದರೆ ಗುರುಪಾದನಂಥವರ ಗತಿ? ಮೊದಮೊದಲು ಅಂಥವರನ್ನು ಮನೆಯಲ್ಲೇ ಬಿಟ್ಟು ಬರುತ್ತಿದ್ದರು. ಆಮೇಲೆ ಗಲಾಟೆಯಾಗಿ, ಪ್ರತಿ ಮಂಟಪದಲ್ಲೂ ಹದದ ಸೇವೆ ಇರಲೇಬೇಕು ಎಂದು ಕಾನೂನು ಬಂತು. ಪಟ್ಟಿ ಎಂಬುದು ಇಲ್ಲದ್ದನ್ನು ಕೊಡುವುದಷ್ಟೇ ಅಲ್ಲ, ಇರುವುದನ್ನು ತಡೆಯಲೂ ಬಲ್ಲದು. ಶಬ್ದ, ಬೆಳಕು, ಮಂದಿಯ ಭಾವ, ಸ್ಪರ್ಶ ಎಂದು ನಾಲ್ಕು ಎಳೆ. ಯಾರಿಗೆ ಯಾವುದು ಹೆಚ್ಚಾಯಿತೋ ಅದನ್ನು ಮೇಲಿನ ಕೋಣೆಯಲ್ಲಿ ಕೂತವರು ಇಳಿಸುತ್ತಾರೆ. ಶಿವಲೀಲಾ ಅದೇ ಮಂಟಪದಲ್ಲಿ ಆ ಕೆಲಸ ಮಾಡುವ ಹದಗಾರ್ತಿ. ಎಷ್ಟೋ ಮಂದಿಯ ಮಕ್ಕಳನ್ನು, ಅಕ್ಕತಂಗಿಯರನ್ನು ಅವಳು ಊಟ ಮುಗಿಯುವವರೆಗೆ ನೆಮ್ಮದಿಯಿಂದ ಕೂಡಿಸಿ ಕಳಿಸಿದ್ದಳು. ತನ್ನ ಅಣ್ಣನನ್ನು ಕೂಡಿಸಲಾರೆನೇ ಎಂಬ ಹುಮ್ಮಸ್ಸು ಅವಳಿಗಿತ್ತು. ಹುಮ್ಮಸ್ಸಿನ ಕೆಳಗೆ ಹೆದರಿಕೆಯೂ ಅಷ್ಟೇ ಇತ್ತು.

ಜವಳಕ್ಕೆ ವಾರವಿರುವಾಗ ಗುರುಪಾದನನ್ನು ಹದದ ಕೋಣೆಗೆ ಕರೆತಂದಳು. ತನ್ನ ಮನೆಯ ಕಾರ್ಯದ ದಿನ ಹದಗಾರ್ತಿ ಯಂತ್ರದ ಮುಂದೆ ಕೂಡುವಂತಿಲ್ಲ. ಅಂದು ಕೂಡಬೇಕಾದವಳು ಅವಳ ಜೊತೆಗಾತಿ ಫರ್ಜಾನಾ. ಅವಳೂ ಬಂದಿದ್ದಳು.

"ಅಣ್ಣಾ, ಈಗ ಶಬ್ದ ಬಿಡತೇನಿ. ತ್ರಾಸ ಆದ್ರ ಕೈ ಎತ್ತು," ಎಂದಳು ಶಿವಲೀಲಾ.

ಗುರುಪಾದ ಗಾಜಿನಾಚೆಯ ಖಾಲಿ ಮಂಟಪವನ್ನೇ ನೋಡುತ್ತ ಹೂಂ ಎಂದ. ಪರದೆಯ ಮೇಲೆ ಅವನ ಕುದಿಗೆರೆ ಸಣ್ಣಗೆ ಹರಿಯುತ್ತಿತ್ತು. ಎದೆಬಡಿತ, ಬೆವರು, ಕತ್ತಿನ ಬಿಗಿತ ಇವು ಮೂರನ್ನೂ ಕೂಡಿಸಿ ಯಂತ್ರ ಎಳೆಯುವ ಗೆರೆ ಅದು. ಬೇರೆ ಅತಿಥಿಗಳ ಗೆರೆ ಏರಿದರೆ ಯಂತ್ರ ಅವರ ಮುಖವನ್ನೂ ನೋಡಿ, ಇದು ಖುಷಿಯೋ ಗಾಬರಿಯೋ ಎಂದು ನಿರ್ಧರಿಸುತ್ತಿತ್ತು. ಗುರುಪಾದನಂಥ ಹದದ ಅತಿಥಿಗಳ ಮುಖ ಅದಕ್ಕೆ ಓದಲು ಬರುತ್ತಿರಲಿಲ್ಲ. ಹಾಗಾಗಿ ಆ ಕಸುಬಿನವರೆಲ್ಲ ಒಂದು ನಿಯಮ ಮಾಡಿಕೊಂಡಿದ್ದರು. ಗೆರೆ ಏರಿತೇ, ಇಳಿಸು. ಸಂಶಯ ಬಂತೇ, ಇಳಿಸು. ಇಳಿಸಿದ್ದರಿಂದ ಯಾರಿಗೂ ಕೇಡಾದದ್ದಿಲ್ಲ ಎಂದು ಹೊಸಬರಿಗೆ ಮೊದಲ ದಿನವೇ ಹೇಳಿಕೊಡುತ್ತಿದ್ದರು.

ಶಹನಾಯಿಗೆ ಗೆರೆ ಏರಿತು, ಶಬ್ದ ಇಳಿಸಿದರು. ದೀಪಗಳಿಗೆ ತುಸು ಏರಿತು, ಬೆಳಕು ಇಳಿಸಿದರು. ಕಡೆಗೆ ಕೂಸಿನ ಬದಲು ಜೋಳ ತುಂಬಿದ ಒಂದು ಸಣ್ಣ ಚೀಲವನ್ನು ಅವನ ತೊಡೆಯ ಮೇಲಿಟ್ಟಳು. ಮುಕ್ತಾಳನ್ನೇ ತರೋಣವೆಂದರೆ ಅದಕ್ಕೆ ನೆಗಡಿಯಾಗಿತ್ತು. ಗೆರೆ ಅಲುಗಲಿಲ್ಲ.

"ನೋಡು," ಎಂದಳು ಶಿವಲೀಲಾ, "ಸ್ಪರ್ಶಕ್ಕ ಏನೂ ಆಗವಲ್ದು. ಇದಕ್ಕ ನಾ ಅಗದಿ ಅಂಜಿದ್ದೆ."

"ನೀ ಯಾಕ ಇಷ್ಟ ಬೆವತಿ ಮತ್ತ?" ಎಂದಳು ಫರ್ಜಾನಾ. "ಪಟ್ಟಿ ಹಾಕ್ಕೊಂಡಾರ ಅವರು. ನಿನ್ನ ಗೆರಿ ನೋಡಿದ್ರ ಈ ಪರದಿ ಸಾಲಂಗಿಲ್ಲ."

"ಅವತ್ತ ಒಂಚೂರು ಏರಿದ್ರೂ ಇಳಸು ಫರ್ಜಾನಾ. ನನ್ನ ಕೇಳಾಕ ಹೋಗಬ್ಯಾಡ."

"ಆತ ಮಾರಾಯ್ತಿ."

ಗುರುಪಾದ ಜೋಳದ ಚೀಲವನ್ನು ಮೇಜಿನ ಮೇಲಿಟ್ಟು, ಬಟ್ಟೆಗೆ ಅಂಟಿದ ಹೊಟ್ಟು ಒರೆಸಿಕೊಂಡ. ಜೋಳದ ಚೀಲ ಯಾರನ್ನೂ ಖುಷಿಪಡಿಸುವುದಿಲ್ಲ ಎಂಬ ಸರಳ ಸಂಗತಿ ಆ ಇಬ್ಬರು ಜಾಣೆಯರಿಗೂ ಹೊಳೆಯಲಿಲ್ಲ.

ಜವಳದ ಹಿಂದಿನ ದಿನ ಸಂಜೆ ಮನೆಯಲ್ಲಿ ಕರಿಗಡಬಿನ ಹೂರಣ ರುಬ್ಬುತ್ತಿದ್ದಾಗ ಅತ್ತೆ ಶಾಂತವ್ವ ಮಾತು ತೆಗೆದರು. ಕೆಟ್ಟ ಹೆಂಗಸಲ್ಲ ಅವರು. ಆದರೆ ಮರ್ಯಾದೆ ಎಂಬುದು ಅವರ ಕೈಯಲ್ಲಿ ತುಂಬಿದ ತಂಬಿಗೆ, ತುಳುಕೀತು ಎಂಬ ಭಯದಲ್ಲೇ ನಡೆಯುವವರು.

"ನಾ ಕೆಟ್ಟದ್ದು ಅನ್ನಾಕತ್ತಿಲ್ಲವಾ ಲೀಲಾ. ನಿಮ್ಮ ಕಾಕಾನ ಮಗ ಶರಣೂನ ಕೂಡಸೂಣು. ಅಂವಾನೂ ಅಣ್ಣನ ಆಗಬೇಕಲ್ಲ ನಿನಗ? ಗುರುಪಾದ ಬಾಜೂಕ ಕುಂತಿರಲಿ. ಬ್ಯಾಡಂದೋರ್ ಯಾರು?"

"ಒಡಹುಟ್ಟಿದಾಂವ ಇದ್ದಾಗ ಕಾಕಾನ ಮಗಾ ಯಾಕ್ರಿ ಅತ್ತಿ?"

"ಕೂಸಿನ ಸಲುವಾಗಿ ಅಂತೇನಿ. ಮದಿವ್ಯಾಗ ಎದ್ದು ಓಡಿದ, ಆತು. ಅವಾಗ ತೊಡಿ ಮ್ಯಾಲ ಕೂಸಿರಲಿಲ್ಲ. ನಾಳೆ ಇರತೈತಿ. ಮ್ಯಾಲ ಕತ್ತಿ ಬ್ಯಾರೆ."

ಶಿವಲೀಲಾ ಒಳಗೊಳಗೇ ಹೆದರುತ್ತಿದ್ದದ್ದೂ ಇದಕ್ಕೇ. ಗಂಡ ಪ್ರಭುಲಿಂಗ ಫೋನಿನಲ್ಲಿ ಮುಖವಿಟ್ಟುಕೊಂಡು ಕೂತಿದ್ದ. ತಾಯಿಗೂ ಹೆಂಡತಿಗೂ ನಡುವೆ ಮಾತು ಬೆಳೆದಾಗ ಅವನಿಗೆ ಫೋನಿನಲ್ಲಿ ತುರ್ತು ಕೆಲಸ ಬರುವುದು ಹೊಸದೇನಲ್ಲ.

ಅಷ್ಟರಲ್ಲಿ ಪಡಸಾಲೆಯಿಂದ ಗುರುಪಾದ ಒಳಗೆ ಬಂದ. ಕೈಯಲ್ಲಿ ಅವನೇ ಪೇಟೆಗೆ ಹೋಗಿ ತಂದ ಹಸಿರು ಅಂಗಿ, ಸೋದರಮಾವ ಕೂಸಿಗೆ ತೊಡಿಸಬೇಕಾದದ್ದು. ಕೊರಳಪಟ್ಟಿಯ ಒಳಗಿದ್ದ ಕಂಪನಿಯ ಚೀಟಿಯನ್ನು ಬ್ಲೇಡಿನಿಂದ ಎಳೆ ಎಳೆಯಾಗಿ ಬಿಡಿಸಿ ತೆಗೆದಿದ್ದ. ಎರಡು ಸಲ ಒಗೆದು ಮೆತ್ತಗೆ ಮಾಡಿದ್ದ.

"ಚೀಟಿ ಚುಚ್ಚತೈತಿ," ಎಂದ. ಆಮೇಲೆ ಯಾರ ಮುಖವನ್ನೂ ನೋಡದೆ, "ನಾ ಕೂಡತೇನಿ," ಎಂದು ಅಂಗಿಯನ್ನು ತೊಟ್ಟಿಲ ಹತ್ತಿರ ಇಟ್ಟು ಹೋದ. ಶಾಂತವ್ವ ಹೂರಣದ ಕಡೆ ತಿರುಗಿದರು. ಅವರು ಕಾಕಾನ ಮಗ ಶರಣಪ್ಪನಿಗೆ ರೇಷ್ಮೆ ಅಂಗಿ ಹಾಕಿಕೊಂಡು ಬಾ ಎಂದು ಹೇಳಿ ಕಳಿಸಿದ್ದು ಮಾತ್ರ ಶಿವಲೀಲಾಳಿಗೆ ರಾತ್ರಿ ತಿಳಿಯಿತು.

ಅವಳಿಗೆ ಸಿಟ್ಟಿಗಿಂತ ಹೆದರಿಕೆಯೇ ಹೆಚ್ಚಾಯಿತು. ನಾಳೆ ಅಣ್ಣ ಎದ್ದು ಓಡಿದರೆ ಯಾರೂ ಬೈಯುವುದಿಲ್ಲ. ಪಾಪ ಎನ್ನುತ್ತಾರೆ. ಅಲ್ಲಿಂದ ಮುಂದೆ ಈ ಕೂಸಿನ ಪ್ರತಿ ಕಾರ್ಯಕ್ಕೂ ಶರಣಪ್ಪನೇ ಸೋದರಮಾವ. ಗುರುಪಾದ ನೆಂಟರ ನಡುವೆ ಒಂದು ಕುರ್ಚಿಯಲ್ಲಿ ಕೂತು ಉಂಡುಹೋಗುವವನು. ಇದು ತನಗಿಂತ ಮೊದಲೇ ಅಣ್ಣನಿಗೆ ಗೊತ್ತಿದೆ ಎಂಬುದು ಅವಳನ್ನು ಹೆಚ್ಚು ಹಿಂಡಿತು.

ಮರುದಿನ ಮಂಟಪ ತುಂಬಿತ್ತು. ಶಿವಲೀಲಾ ಇಳಕಲ್ ಸೀರೆಯುಟ್ಟು ಕಿವಿಯಲ್ಲಿ ಸಣ್ಣ ಬಟನ್ ಇಟ್ಟುಕೊಂಡಿದ್ದಳು. ಅದರಲ್ಲಿ ಮೇಲಿನ ಕೋಣೆಯಲ್ಲಿ ಕೂತ ಫರ್ಜಾನಾಳ ಉಸಿರು ಕೂಡ ಕೇಳುತ್ತಿತ್ತು. ಬಳೆಗಳ ನಡುವೆ ಮಣಿಕಟ್ಟಿಗೆ ಕಟ್ಟಿಕೊಂಡ ಸಣ್ಣ ಪರದೆಯ ಮೇಲೆ ಅಣ್ಣನ ಕುದಿಗೆರೆ ಹರಿಯುತ್ತಿತ್ತು. ಗುರುಪಾದ ಹೊಸ ಧೋತರ ಉಟ್ಟು ಮಣೆಯ ಮೇಲೆ ಚಕ್ಕಳಮಕ್ಕಳ ಹಾಕಿ ಕೂತ. ಎದುರಿಗೆ ಕೂದಲು ತೆಗೆಯುವ ಹಡಪದ ನಾಗಪ್ಪ ಬಟ್ಟಲಲ್ಲಿ ನೀರು ಕಲಕುತ್ತ ಕೂತಿದ್ದ. ವೇದಿಕೆಯ ಅಂಚಿನಲ್ಲಿ ಶರಣಪ್ಪ ರೇಷ್ಮೆ ಅಂಗಿ ಹಾಕಿಕೊಂಡು, ಸುಮ್ಮನೆ ನೋಡಲು ಬಂದವನಂತೆ ನಿಂತಿದ್ದ.

ಶಿವಲೀಲಾ ಕೂಸನ್ನು ಅಣ್ಣನ ತೊಡೆಯ ಮೇಲೆ ಕೂಡಿಸಿದಳು.

ಮಂಟಪದಲ್ಲಿ ಎಲ್ಲರೂ ಒಟ್ಟಿಗೆ ಒಂದು ಉಸಿರೆಳೆದರು. ಮಡಿಲು ಹಂಚಿಕೆಯಾಗಿತ್ತು. ಮುಂದಿನ ಸಾಲಿನಲ್ಲಿ ಶಾಂತವ್ವ ಬರಿದಾದ ತಮ್ಮ ತೊಡೆಯ ಮೇಲೆ ಕೈ ಮಡಿಸಿ, ಅಲ್ಲಿ ಇಲ್ಲದ ಮೊಮ್ಮಗಳನ್ನು ಹಿಡಿದುಕೊಂಡರು. ಗುರುಪಾದ ಕೆಳಗೆ ನೋಡಿದ. ಕೂಸು ಮೇಲೆ ನೋಡಿತು. ಅವನ ಗೆರೆ ಸರ್ರನೆ ಏರಿತು.

"ಏರಾಕತ್ತೇತಿ," ಎಂದಳು ಫರ್ಜಾನಾ ಕಿವಿಯಲ್ಲಿ. "ಶಬ್ದ ಇಳಿಸಿದೆ."

ಗೆರೆ ನಿಲ್ಲಲಿಲ್ಲ. "ಬೆಳಕ ಇಳಿಸಿದೆ. ಮಂದೀನೂ ಇಳಸತೇನಿ." ಆದರೂ ಏರುತ್ತಲೇ ಇತ್ತು. ಗುರುಪಾದನ ಮುಖದಲ್ಲಿ ಏನೂ ಇರಲಿಲ್ಲ, ಎಂದಿನ ಮುಖ. ಈಗ ಏಳುತ್ತಾನೆ, ಈಗ ಓಡುತ್ತಾನೆ ಎಂದು ಶಿವಲೀಲಾಳ ಕಾಲುಗಳೇ ಓಡಲು ಸಿದ್ಧವಾದವು.

"ಲೀಲಾ, ಸ್ಪರ್ಶ ಒಂದ ಉಳದೈತಿ. ಏನ್ ಮಾಡ್ಲಿ?"

"ಇಳಸು," ಎಂದಳು ಶಿವಲೀಲಾ. "ಪೂರ್ತಿ ಇಳಸು."

ಮುಂದಿನ ಸಾಲಿನಲ್ಲಿ ಶಾಂತವ್ವನ ಕೈಗಳು ಥಟ್ಟನೆ ಬೇರೆಯಾದವು. ಅವರು ತಮ್ಮ ತೊಡೆಯನ್ನು ನೋಡಿಕೊಂಡರು, ಆಮೇಲೆ ಕುರ್ಚಿಯ ಕೆಳಗೆ ನೋಡಿದರು. ಮಂಟಪದ ತುಂಬ ಮಂದಿ ಅದನ್ನೇ ಮಾಡುತ್ತಿದ್ದರು. "ಕೂಸ ಎಲ್ಲಿ ಹೋತು?" ಎಂದು ಯಾರೋ ಮುದುಕರು ಗಟ್ಟಿಯಾಗಿಯೇ ಕೇಳಿದರು. ಪಕ್ಕದವರು, ಯಂತ್ರ ಕೆಟ್ಟಿರಬೇಕು ಎಂದು ಸಮಾಧಾನ ಮಾಡಿದರು.

ವೇದಿಕೆಯ ಮೇಲೆ ಗುರುಪಾದ ಕೂಸನ್ನೇ ನೋಡುತ್ತಿದ್ದ. ಅವನ ಬೆರಳುಗಳು ಅದರ ಪಕ್ಕೆಯ ಮೇಲೆ ಬಿಗಿಯಾದವು. ಇನ್ನೂ ಬಿಗಿಯಾದವು. ಉಗುರಿನ ಬುಡ ಬೆಳ್ಳಗಾಯಿತು. ಮುಕ್ತಾ ಮೊದಲು ಮುಖ ಕಿವುಚಿ, ಆಮೇಲೆ ದೊಡ್ಡದಾಗಿ ಅಳಲು ಶುರುಮಾಡಿತು. ಕತ್ತಿಯನ್ನು ಕೂದಲ ಹತ್ತಿರ ತಂದಿದ್ದ ನಾಗಪ್ಪ ಕೈ ಹಿಂದೆಗೆದ.

"ಯಪ್ಪಾ, ಒಂದಿಷ್ಟ ಸಡ್ಲ ಬಿಡ್ರಿ. ಕೂಸಿಗೆ ನೋವಾಕ್ಕೈತಿ."

ಗುರುಪಾದನಿಗೆ ಅದು ಕೇಳಲಿಲ್ಲ. ಅವನ ಶಬ್ದದ ಎಳೆ ಎಂದೋ ಇಳಿದಿತ್ತು. ಗೆರೆ ಈಗ ನೆತ್ತಿ ಮುಟ್ಟುತ್ತಿತ್ತು. ಇಳಿಸಲು ಯಾವ ಎಳೆಯೂ ಉಳಿದಿರಲಿಲ್ಲ.

"ಲೀಲಾ, ತುಗೋ ಕೂಸಿನ್ನ," ಎಂದ ಪ್ರಭುಲಿಂಗ ಕೆಳಗಿನಿಂದ. ಶರಣಪ್ಪ ಆಗಲೇ ಎರಡೂ ಕೈ ಚಾಚಿ ಹತ್ತಿರ ಬಂದಿದ್ದ.

ಶಿವಲೀಲಾ ಅಣ್ಣನ ಮುಂದೆ ಕುಕ್ಕರಗಾಲಲ್ಲಿ ಕೂತಳು. ಅವನ ತುಟಿ ಅಲುಗುತ್ತಿತ್ತು. ಕೂಸಿನ ಅಳುವಿನ ನಡುವೆ ಕಿವಿಯನ್ನು ಅವನ ಬಾಯಿಯ ಹತ್ತಿರ ಒಯ್ದಳು.

"ಕೂಸಿಲ್ಲ," ಎನ್ನುತ್ತಿದ್ದ ಗುರುಪಾದ. "ಕಾಣತೈತಿ, ಇಲ್ಲ. ಹಿಡದೇನಿ, ಇಲ್ಲ. ಬಿದ್ದೀತು. ಬಿದ್ದೀತು."

ಶಿವಲೀಲಾಳಿಗೆ ಆಗ ಹೊಳೆಯಿತು. ಕೂಸು ತೊಡೆಯ ಮೇಲೆ ಬಂದಾಗ ಅವನಿಗೆ ಆದದ್ದು ಗಾಬರಿಯಲ್ಲ, ಸಂತೋಷ. ಗೆರೆಗೆ ಎರಡೂ ಒಂದೇ. ಆ ಸಂತೋಷವನ್ನು ತಾನು ತ್ರಾಸು ಎಂದುಕೊಂಡು ಒಂದೊಂದೇ ಎಳೆ ಇಳಿಸಿ, ಕಡೆಗೆ ಅವನ ಕೈಯಿಂದ ಕೂಸನ್ನೇ ಕಸಿದುಕೊಂಡಿದ್ದಳು. ಮರಗಟ್ಟಿದ ಕೈಗೆ ಹಿಡಿತ ಗೊತ್ತಾಗದೆ ಅವನು ಇನ್ನಷ್ಟು ಅಮುಕಿದ. ಅಮುಕಿದಷ್ಟೂ ಕೂಸು ಅತ್ತಿತು, ಅತ್ತಷ್ಟೂ ಅವನು ಹೆದರಿದ. ಅವಳಿಗೆ ತನ್ನ ಕೈಯನ್ನೇ ಕಚ್ಚಿಕೊಳ್ಳಬೇಕೆನ್ನಿಸಿತು.

"ಫರ್ಜಾನಾ, ಸ್ಪರ್ಶ ಏರಸು!"

"ಹಂಗ ಲಗೂನ ಏರಂಗಿಲ್ಲಲ್ಲ, ನಿನಗ ಗೊತ್ತಿಲ್ಲೇನು? ನರಕ್ಕ ಪೆಟ್ಟಾದೀತಂತ ಯಂತ್ರ ಹನಿ ಹನಿ ಏರಸತೈತಿ. ಅರ್ಧಾ ತಾಸು ಬೇಕು."

ಪಟ್ಟಿ ಬಿಚ್ಚಿದರೂ ಅಷ್ಟೇ. ಮರಗಟ್ಟಿದ್ದು ಅಷ್ಟು ಹೊತ್ತು ಮರಗಟ್ಟಿಯೇ ಇರುತ್ತದೆ. ಉಳಿದ ದಾರಿ ಒಂದೇ, ಹನಿ ಹನಿ ಏರಿಸುವ ಆ ಕಾವಲನ್ನೇ ತೆಗೆದು ನಾಲ್ಕೂ ಎಳೆಗಳನ್ನು ಒಟ್ಟಿಗೆ ಪೂರ್ತಿ ಬಿಡುವುದು; ಒಂದನ್ನೇ ಬಿಡಲು ಬರುವುದಿಲ್ಲ. ಯಾವ ಹದದ ಅತಿಥಿಗೂ ಯಾರೂ ಹಾಗೆ ಬಿಟ್ಟದ್ದಿಲ್ಲ. ಶಹನಾಯಿ, ದೀಪ, ಅಷ್ಟೂ ಮಂದಿಯ ಮನಸ್ಸು, ಎಲ್ಲ ಒಂದೇ ಏಟಿಗೆ ಅವನ ಮೇಲೆ ಬೀಳುತ್ತದೆ. ಕೂಸನ್ನು ಎತ್ತಿ ಶರಣಪ್ಪನ ಕೈಗೆ ಕೊಟ್ಟರೆ ಎಲ್ಲ ಈಗಲೇ ಮುಗಿಯುತ್ತದೆ. ಅಣ್ಣನೂ ಮುಗಿಯುತ್ತಾನೆ.

ಅವಳು ಅವನ ಕಿವಿಗೆ ಬಾಯಿ ಹಚ್ಚಿ ಕೂಗಿದಳು. ಇಷ್ಟು ದಿನ ಗೆರೆ ನೋಡಿದ್ದಳೇ ಹೊರತು ಬಾಯಿಬಿಟ್ಟು ಕೇಳಿದ್ದು ಕಡಿಮೆ.

"ಅಣ್ಣಾ, ಎಲ್ಲಾ ಒಮ್ಮೆಲೇ ಬಿಟ್ರ ಕೂಸು ಸಿಗತೈತಿ. ಆದ್ರ ಭಾಳ ತ್ರಾಸ ಆಕ್ಕೈತಿ. ಭಾಳ ಅಂದ್ರ ಭಾಳ. ಏನ್ ಮಾಡ್ಲಿ? ಕೂಸಿನ್ನ ತುಗೊಳ್ಳೇನು?"

"ಬ್ಯಾಡ," ಎಂದ ಗುರುಪಾದ. ಆಮೇಲೆ, "ಬಿಡು."

"ಪೂರ್ತಿ ಬಿಡು, ಫರ್ಜಾನಾ."

"ತಲಿ ಕೆಟ್ಟೈತೇನು? ಇಬ್ಬರ್ದೂ ಕೆಲಸ ಹೋಗತೈತಿ!"

"ಬಿಡು."

ಗುರುಪಾದನ ಮೈ ಒಮ್ಮೆ ಹಿಂದಕ್ಕೆ ಬಡಿದಂತಾಯಿತು. ಗಂಟಲಿನಿಂದ ಒಂದು ದನಿ ಹೊರಟಿತು, ಮೋಟರು ಶುರುವಾದಾಗ ಬರುವಂಥ ಒಂದೇ ಸಮನೆ ಗುಂಯ್ ಎನ್ನುವ ದನಿ. ಕಣ್ಣು ಗಟ್ಟಿಯಾಗಿ ಮುಚ್ಚಿ ಹಿಂದಕ್ಕೂ ಮುಂದಕ್ಕೂ ತೂಗತೊಡಗಿದ. ಬೆವರು ಹಣೆಯಿಂದ ಇಳಿದು ಹುಬ್ಬಿಗೆ ಬಂತು. ಕುದಿಗೆರೆ ಪರದೆಯ ಮೇಲಂಚು ದಾಟಿ ಕಾಣದಾಯಿತು. ಆದರೆ ಬೆರಳು ಸಡಿಲಾದವು. ಬೆಳ್ಳಗಾಗಿದ್ದ ಉಗುರಿಗೆ ಮೆಲ್ಲಗೆ ಬಣ್ಣ ಬಂತು. ಒಂದು ಅಂಗೈ ಕೂಸಿನ ಎದೆಯ ಮೇಲೆ, ಇನ್ನೊಂದು ಹೊಟ್ಟೆಯ ಮೇಲೆ ಹಗುರಾಗಿ ಕೂತಿತು.

ಮಂಟಪದಲ್ಲಿ ಹಾಹಾಕಾರ. ಮಡಿಲು ಮತ್ತೆ ಹಂಚಿಕೆಯಾಗಿತ್ತು, ಈ ಸಲ ಗುರುಪಾದನಿಗೆ ತಾಗಿದಷ್ಟೇ ಗಟ್ಟಿಯಾಗಿ. ಒದೆಯುವ ಕಾಲಿನ ಹಿಮ್ಮಡಿ, ಒದ್ದೆಯಾದ ಚಡ್ಡಿ, ಅಳುವಾಗ ಒಳಗೆ ಎದ್ದು ಬೀಳುವ ಪುಟ್ಟ ಪಕ್ಕೆಲುಬು, ಎಲ್ಲ ಒಟ್ಟಿಗೆ ಬಂದು ಬಿದ್ದವು. ಅದರ ಜೊತೆಗೇ ಅವನ ಕಿವಿಯ ಶಹನಾಯಿ, ಅವನ ಕಣ್ಣಿನ ದೀಪ. ಎಷ್ಟೋ ಮಂದಿ ಪಟ್ಟಿ ಕಿತ್ತು ಕೆಳಗೆ ಎಸೆದರು. ಒಬ್ಬರು ತಲೆ ಹಿಡಿದುಕೊಂಡು ಹೊರಗೆ ನಡೆದರು.

"ಸಾಕು ಲೀಲಾ, ಸಾಕು!" ಎಂದು ಪ್ರಭುಲಿಂಗ ಮೆಟ್ಟಿಲು ಹತ್ತಿದ. ಶರಣಪ್ಪನ ಕೈಗಳು ಇನ್ನೂ ಚಾಚಿಯೇ ಇದ್ದವು.

"ಶರಣೂ, ಕೈ ತಗಿ," ಎಂದಳು ಶಿವಲೀಲಾ. ಗಂಡನ ಕಡೆ ತಿರುಗಿದಳು. "ನೀವೂ ಅಲ್ಲೇ ನಿಂದರ್ರಿ. ನಾಗಪ್ಪಣ್ಣ, ಶುರು ಮಾಡ್ರಿ."

"ಹಿಂಗ ತೂಗಿದ್ರ ಕತ್ತಿ ಹೆಂಗ ಇಡ್ಲಿ ತಂಗಿ? ಕೈ ತಪ್ಪಿದ್ರ?"

ಅವಳು ಮೊಣಕಾಲೂರಿ ಕೂಸಿನ ತಲೆಯನ್ನು ಎರಡೂ ಅಂಗೈಗಳ ನಡುವೆ ಹಿಡಿದಳು. ಅಣ್ಣ ತೂಗಿದಂತೆ ತಾನೂ ತೂಗಿದಳು. ತಲೆ ಮಾತ್ರ ನಿಂತಿತು. ನಾಗಪ್ಪ ದೇವರ ಹೆಸರು ಹೇಳಿ ಕತ್ತಿ ಇಟ್ಟ. ಮೊದಲ ಕೂದಲು ಬಟ್ಟಲಿಗೆ ಬಿತ್ತು.

ಕೂಸು ಸುಮ್ಮನಾಗಲಿಲ್ಲ. ಜವಳದಲ್ಲಿ ಯಾವ ಕೂಸೂ ಸುಮ್ಮನಾಗುವುದಿಲ್ಲ. ಶಿವಲೀಲಾ ಕತ್ತಿಯ ಮೇಲೆ ಒಂದು ಕಣ್ಣು, ಅಣ್ಣನ ಮುಖದ ಮೇಲೆ ಒಂದು ಕಣ್ಣಿಟ್ಟಳು. ಅವನ ತುಟಿ ನೀಲಿಗಟ್ಟಿದಂತೆ ಕಂಡಿತು. ಇವನನ್ನ ಕೊಲ್ಲಾಕತ್ತೇನೇನೋ ಎಂದುಕೊಂಡಳು. ಬಿಡು ಎಂದದ್ದು ಅವನಿಗೆ ಅರ್ಥವಾಗಿ ಹೇಳಿದ್ದೋ, ನನ್ನ ಮಾತಿಗೆ ಎಂದಿನಂತೆ ಹೂಂಗುಟ್ಟಿದ್ದೋ? ಕೇಳೋಣವೆಂದರೆ ಈಗ ಕೇಳುವಂತಿಲ್ಲ. ನಾಗಪ್ಪನ ಕೈ ಇಷ್ಟು ನಿಧಾನ ಯಾಕೆ? ಒಂದು ಕಿವಿಯ ಹಿಂದೆ ಇನ್ನೂ ಕೂದಲಿದೆ. ದೇವರೇ, ಲಗೂ ಮುಗಿಸು.

ಮುಗಿಯಿತು. ನಾಗಪ್ಪ ಬೋಳುತಲೆಗೆ ಅರಿಶಿನ ಹಚ್ಚಿ, ಆತ್ರಿ ಎಂದ. ಗುರುಪಾದ ಕಣ್ಣು ತೆರೆಯದೆ ಕೂಸನ್ನು ಎರಡೂ ಕೈಯಲ್ಲಿ ಎತ್ತಿ ತಂಗಿಯ ಮಡಿಲಿಗಿಟ್ಟ. ಎದ್ದ. ಪಕ್ಕದ ಬಾಗಿಲನ್ನು ಭುಜದಿಂದ ತಳ್ಳಿಕೊಂಡು ಹೊರಗೆ ಹೋದ. ಓಡಲಿಲ್ಲ, ಗೋಡೆ ಹಿಡಿದುಕೊಂಡು ನಡೆದ.

ಶಿವಲೀಲಾ ಕೂಸನ್ನು ಅತ್ತೆಗೆ ಕೊಡಲು ಕೆಳಗಿಳಿದಳು. ಶಾಂತವ್ವ ಪಟ್ಟಿ ತೆಗೆದಿರಲಿಲ್ಲ. ಮುಖ ಕೆಂಪಾಗಿತ್ತು, ತೊಡೆಯ ಮೇಲೆ ಕೈಗಳು ಇನ್ನೂ ಯಾವುದನ್ನೋ ಹಿಡಿದಂತೆಯೇ ಇದ್ದವು.

"ಇಷ್ಟ ಭಾರ ಇರತಾವಂತ ಮರತ ಬಿಟ್ಟಿದ್ದೆ," ಎಂದರು ಮೆಲ್ಲಗೆ. ಮರುಗಳಿಗೆಗೇ ಎಚ್ಚೆತ್ತು, "ಮಂದಿ ಮುಂದ ಮರ್ಯಾದಿ ತಗದಿ ನೋಡು," ಎಂದು ಮೊಮ್ಮಗಳನ್ನು ಎದೆಗವಚಿಕೊಂಡರು. ಎರಡೂ ಮಾತು ಖರೆ ಇದ್ದವು. ಶಿವಲೀಲಾ ಬಾಗಿಲಿಗೆ ಓಡಿದಳು.

ಹಿಂದೆ ಪಾತ್ರೆ ತೊಳೆಯುವ ಕಡೆಗೆ ಹೋಗುವ ಓಣಿ. ಗುರುಪಾದ ಬರೀ ಕಲ್ಲುನೆಲದ ಮೇಲೆ ಒಂದು ಮಗ್ಗುಲಾಗಿ ಮಲಗಿದ್ದ. ಪಟ್ಟಿ ಬಿಚ್ಚಿ ಎಸೆದಿದ್ದ. ವಾಂತಿಯಾಗಿತ್ತು. ಕೆನ್ನೆಯನ್ನು ತಣ್ಣನೆಯ ಕಲ್ಲಿಗೆ ಒತ್ತಿಕೊಂಡಿದ್ದ, ಮೈಯೆಲ್ಲ ಚಳಿ ಹಿಡಿದವರಂತೆ ನಡುಗುತ್ತಿತ್ತು. ಅವಳು ಮುಟ್ಟಲಿಲ್ಲ. ಒಂದು ಮಾರು ದೂರ ಗೋಡೆಗೊರಗಿ ಕೂತಳು. ಇಲ್ಲಿ ನೋಡಲು ಯಾವ ಗೆರೆಯೂ ಇರಲಿಲ್ಲ, ಕೂತಿರುವುದಷ್ಟೇ ಉಳಿದಿತ್ತು.

ಫರ್ಜಾನಾ ಬಾಗಿಲಲ್ಲಿ ಇಣುಕಿದಳು. "ಮ್ಯಾನೇಜರ್ ಕರ್ಯಾಕತ್ತಾರ, ಇಬ್ಬರ್ನೂ."

"ನೀ ಹೋಗಿರು. ನಾ ಹೇಳಿದ್ದಂತ ಹೇಳು."

"ಬಿಟ್ಟಾಕಿ ನಾನ ಅಂತ ಹೇಳತೇನಿ," ಎಂದಳು ಫರ್ಜಾನಾ. ಹೋಗದೆ ಅಲ್ಲೇ ಸ್ವಲ್ಪ ಹೊತ್ತು ನಿಂತು, ಆಮೇಲೆ ನೀರಿನ ತಂಬಿಗೆ ಒಂದನ್ನು ಇಟ್ಟು ಹೋದಳು.

ನಡುಕ ನಿಲ್ಲಲು ಬಹಳ ಹೊತ್ತು ಹಿಡಿಯಿತು. ಒಳಗೆ ಊಟದ ಪಂಕ್ತಿ ಕೂತ ಸದ್ದು ಬಂತು. ಗುರುಪಾದ ಕಣ್ಣು ಬಿಟ್ಟ. ತಂಗಿಯ ಕಡೆ ನೋಡಲಿಲ್ಲ, ಎದುರಿನ ಗೋಡೆಯ ಕಡೆ ನೋಡಿದ.

"ಭಾಳ ತ್ರಾಸ ಆತೇನಣ್ಣಾ?"

"ಭಾಳ."

ಅವಳಿಗೆ ಅಳು ತಡೆಯಲಾಗಲಿಲ್ಲ. ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ಅತ್ತಳು, ಸದ್ದಾದರೆ ಅದೂ ಅವನಿಗೆ ತ್ರಾಸಾದೀತೆಂದು. ಅವನು ಎದ್ದು ಕೂತು ಬಾಯಿ ತೊಳೆದುಕೊಂಡ. ನೀರು ಕುಡಿದ.

"ಎಡಗಾಲಿಲೆ ಒದೀತೈತಿ ಅದು," ಎಂದ. "ಬಲಗಾಲಿಲೆ ಒದ್ಯಂಗಿಲ್ಲ." ಆಮೇಲೆ ತಂಬಿಗೆಯನ್ನು ನೆಲದ ಮೇಲೆ ನೇರವಾಗಿ ಇಟ್ಟು, "ಕಿವಿ ಚುಚ್ಚೂದು ಯಾವಾಗ?" ಎಂದು ಕೇಳಿದ.

ಶಿವಲೀಲಾ ಸೆರಗು ಬಾಯಿಂದ ತೆಗೆದಳು. ಕಿವಿ ಚುಚ್ಚುವಾಗಲೂ ಕೂಸು ಸೋದರಮಾವನ ತೊಡೆಯ ಮೇಲೆಯೇ ಕೂಡಬೇಕು.

"ಅದನ್ನ ಮನ್ಯಾಗ ಮಾಡೂಣಣ್ಣಾ. ನಾವು ನಾವ. ಪಟ್ಟಿ ಗಿಟ್ಟಿ ಏನೂ ಬ್ಯಾಡ, ಮಂದೀನೂ ಬ್ಯಾಡ."

ಗುರುಪಾದ ತಂಬಿಗೆಯ ಅಂಚನ್ನು ಬೆರಳಿನಿಂದ ಒಂದು ಸುತ್ತು ಸವರಿದ.

"ಮಂದಿ ಬೇಕು," ಎಂದ. "ಅವರ ತೊಡಿ ಮ್ಯಾಲೂ ಕುಂತಿತ್ತಲ್ಲ ಕೂಸು. ಕುಂದರಲಿ."

ಮತ್ತೆ ಆ ಮಣೆ, ಮತ್ತೆ ಅಷ್ಟು ಮಂದಿ, ಮತ್ತೆ ಕಣ್ಣು ಮುಚ್ಚಿ ತೂಗುವ ಅಣ್ಣ. ಬೇಡ ಎನ್ನಲು ಸಾವಿರ ಕಾರಣಗಳಿದ್ದವು. ಒಂದೊಂದೂ ಅವನ ಒಳಿತಿಗೇ ಇದ್ದವು. ಅವಳು ಅವನ್ನೆಲ್ಲ ಒಳಗೇ ನುಂಗಿಕೊಂಡಳು.

"ಯುಗಾದಿ ಆದ ಮ್ಯಾಲ, ಅಣ್ಣಾ," ಎಂದಳು.